ಎಣ್ಣೆಯೇ ತೂಬಾದರೆ

ಮೈಸೂರಿನ ನಮ್ಮ ಮೆಕ್ಯಾನಿಕಲ್ ಲ್ಯಾಬಿಗೆ ಮೊನ್ನೆ ಮಂಡ್ಯ ಕಡೆಯ ಹುಡುಗನೊಬ್ಬ ಬಂದಿದ್ದ. "ಸರ್, ಆಯಸ್ಕಾಂತ ಹಿಡಿದರೆ ಎಣ್ಣೆ ಗಟ್ಟಿಯಾಗುತ್ತಂತೆ, ಹೌದಾ?" ಎಂದ. ನಾನು ಸುಮ್ನೆ ಒಂದು ಪ್ಲಾಸ್ಟಿಕ್ ಲೋಟ ಕೈಗೆ ಕೊಟ್ಟೆ. ಒಳಗೆ ಬೂದು ಬಣ್ಣದ, ಅಂಬಲಿಯಷ್ಟು ಮಂದವಾದ ದ್ರವ. "ಏನ್ ಸರ್ ಇಷ್ಟು ಭಾರ!" ಎಂದ. ಭಾರವಿರಲೇಬೇಕು. ಸಿಲಿಕೋನ್ ಎಣ್ಣೆಗೆ ಶೇ. 30ರಷ್ಟು ಗಾತ್ರದ ಕಬ್ಬಿಣ ಬೆರೆಸಿದರೆ 100 ಮಿಲಿ ಸುಮಾರು 300 ಗ್ರಾಂ ತೂಗುತ್ತದೆ.

ಅದರಲ್ಲಿ ಐಸ್‌ಕ್ರೀಂ ಕಡ್ಡಿ ನಿಲ್ಲಿಸಿದ, ವಾಲಿತು. ಲೋಟದ ಕೆಳಗೆ ಆಯಸ್ಕಾಂತ ಇಟ್ಟೆ. ಈ ಸಲ ನಿಲ್ಲಿಸಿದ ಕಡ್ಡಿ ನೆಟ್ಟಗೆ ನಿಂತಿತು. ತೆಗೆದೆ, ಮತ್ತೆ ವಾಲಿತು.

ಆ ಕಬ್ಬಿಣದ ಕಾಳು ಕೆಲವೇ ಮೈಕ್ರಾನ್ ದಪ್ಪ, ಕೂದಲೆಳೆಗಿಂತ ಎಷ್ಟೋ ಸಣ್ಣದು. ಆಯಸ್ಕಾಂತ ಹತ್ತಿರ ಬಂದಾಗ ಪ್ರತಿ ಕಾಳೂ ಒಂದು ಪುಟ್ಟ ಆಯಸ್ಕಾಂತವಾಗಿ ಪಕ್ಕದ್ದಕ್ಕೆ ಅಂಟಿ ಸಾಲುಗಟ್ಟುತ್ತದೆ. ದೂರ ಹೋದರೆ ಸಾಲು ಚದುರುತ್ತದೆ.

ಈ ಎಣ್ಣೆ ತುಂಬಿದ ಶಾಕ್ ಅಬ್ಸಾರ್ಬರಿನಲ್ಲಿ ನಡೆಯುವುದೂ ಇದೇ. ನಾಲೆಯಲ್ಲಿ ನೀರು ತಡೆಯಬೇಕಾದರೆ ತೂಬು ಇಳಿಸುತ್ತೇವೆ, ಅಲ್ವಾ? ಇಲ್ಲಿ ತೂಬೇ ಇಲ್ಲ. ಪಿಸ್ಟನ್ನಿನ ಕಿರಿದಾದ ಸಂದಿಯಲ್ಲಿ ಎಣ್ಣೆ ಹರಿಯುತ್ತಿರುತ್ತದೆ. ಪಕ್ಕದ ತಂತಿಯ ಕಾಯಿಲ್‌ಗೆ ಕರೆಂಟ್ ಕೊಟ್ಟರೆ ಅದು ಆಯಸ್ಕಾಂತವಾಗಿ, ಕಬ್ಬಿಣದ ಸಾಲುಗಳು ಹರಿವಿಗೆ ಅಡ್ಡ ನಿಂತುಬಿಡುತ್ತವೆ. ಕೆಲವು ಮಿಲಿಸೆಕೆಂಡಿನ ಕೆಲಸ. 2002ರಲ್ಲಿ ಕ್ಯಾಡಿಲಾಕ್ ಸೆವಿಲ್ ಕಾರಿಗೆ ಇದು ಬಂತು, ಆಮೇಲೆ ಆಡಿ, ಫೆರಾರಿಗೂ. ಇಂಥ ದ್ರವಕ್ಕೆ 'ಸ್ಮಾರ್ಟ್' ಎಂಬ ಹೆಸರು ಇಟ್ಟಿರುವುದು ಮಾತ್ರ ನನಗೆ ಹಿಡಿಸದು. ಬುದ್ಧಿ ಇರುವುದು ಎಣ್ಣೆಗಲ್ಲ, ಕರೆಂಟ್ ಬಿಡುವ ಕಂಪ್ಯೂಟರಿಗೆ.

ವಿಷಯ ಹೊಸದೂ ಅಲ್ಲ. 1940ರ ದಶಕದಲ್ಲೇ ಅಮೆರಿಕದ ಜೇಕಬ್ ರಾಬಿನೋ ಇದರಿಂದ ಕ್ಲಚ್ ಮಾಡಿದ್ದರು. ಅದೇ ಕಾಲಕ್ಕೆ ವಿಲ್ಲಿಸ್ ವಿನ್ಸ್ಲೋ ವಿದ್ಯುತ್ತಿನಿಂದ ಗಟ್ಟಿಯಾಗುವ ದ್ರವ ತೋರಿಸಿದರು. ಅದಕ್ಕೆ ಕಬ್ಬಿಣ ಬೇಡ, ಆದರೆ ಸಾವಿರಾರು ವೋಲ್ಟ್ ಬೇಕು, ಹಿಡಿತವೂ ಕಡಿಮೆ. ಇದನ್ನು ಮನೆಯಲ್ಲೇ ನೋಡಬೇಕೆಂದರೆ ಅಡುಗೆ ಎಣ್ಣೆಗೆ ಕಾರ್ನ್‌ಫ್ಲೋರ್ ಕಲಸಿ ಚಮಚದಿಂದ ಸಣ್ಣಗೆ ಸುರಿಯಿರಿ. ತಲೆಗೆ ಉಜ್ಜಿದ ಬಲೂನು ಹತ್ತಿರ ತಂದರೆ ಧಾರೆ ಅತ್ತ ಬಾಗಿ ಮುದ್ದೆಗಟ್ಟುತ್ತದೆ. ಒಣ ಹವೆಯಲ್ಲಿ ಮಾಡಿ, ಮಳೆಗಾಲದಲ್ಲಿ ಕೈಕೊಡುತ್ತದೆ.

ಗಟ್ಟಿ ಮಾಡುವುದು ಸುಲಭ. ಕಬ್ಬಿಣ ತಳ ಸೇರದಂತೆ ಇಡುವುದೇ ಕಷ್ಟ. ಒಂದು ವರ್ಷ ಹಳೇ ಬೈಕಿನ ಶಾಕ್ ಅಬ್ಸಾರ್ಬರಿಗೆ ನಾವೇ ಕಲಸಿದ ದ್ರವ ತುಂಬಿ, ಬೇಸಿಗೆ ರಜೆಗೆ ಬೀಗ ಹಾಕಿ ಹೋದೆವು. ಜೂನ್‌ನಲ್ಲಿ ನೋಡಿದರೆ ರಾಡ್ ಅಲ್ಲಾಡುತ್ತಿಲ್ಲ. ಬಿಚ್ಚಿದರೆ ಮೇಲೆ ತಿಳಿ ಎಣ್ಣೆ, ತಳದಲ್ಲಿ ಗಾರೆ ಹಾಕಿದ ಹಾಗೆ ಕಬ್ಬಿಣ. ಸ್ಕ್ರೂಡ್ರೈವರಿನಿಂದ ಕೆರೆದು ತೆಗೆದೆವು. ಸೀಲಿನ ಅಂಚೂ ಸವೆದಿತ್ತು. ಕಬ್ಬಿಣದ ಪುಡಿ ಉಪ್ಪುಕಾಗದದ ಕೆಲಸ ಮಾಡುತ್ತದಲ್ಲ! ಈಗ ನುಣ್ಣನೆ ಸಿಲಿಕಾ ಪುಡಿ ಸೇರಿಸಿ ಎಣ್ಣೆಯನ್ನು ಸ್ವಲ್ಪ ಗ್ರೀಸಿನಂತೆ ಮಾಡುತ್ತೇವೆ. ಆಗಲೂ ತಳ ಸೇರುತ್ತದೆ, ನಿಧಾನವಾಗಿ ಅಷ್ಟೇ.

"ಲೇತ್ ಯಂತ್ರದಲ್ಲಿ ಉದುರುವ ಕಬ್ಬಿಣದ ಪುಡಿ ಹಾಕಬಹುದಾ ಸರ್? ಪುಕ್ಕಟೆ ಸಿಗುತ್ತೆ" ಎಂದ ಹುಡುಗ. ಹಾಕಿ ನೋಡು ಎಂದೆ. ಜರಡಿ ಹಿಡಿದು ಕಲಸಿ ಮೇಜಿನ ಮೇಲಿಟ್ಟ. ನಾವು ಕ್ಯಾಂಟೀನಿನಲ್ಲಿ ಕಾಫಿ ಕುಡಿದು ಬರುವಷ್ಟರಲ್ಲಿ ಪುಡಿಯೆಲ್ಲ ತಳದಲ್ಲಿತ್ತು.