ಮಡ್ಡಿಗೆ ಬೆಲೆ ಕಟ್ಟಿದ ಬಗೆ

ಬಾಗಲಕೋಟೆ ಜಿಲ್ಲೆಯ ಯಡಹಳ್ಳಿ ಗುಡ್ಡವನ್ನು ಬೇಸಿಗೆಯಲ್ಲಿ ನೋಡಿದವರು ಅದನ್ನು ಕಾಡೆನ್ನಲು ಹಿಂಜರಿಯುತ್ತಾರೆ. ಕಲ್ಲು ಗರಸಿನ ಮಡ್ಡಿ ನೆಲ, ಜಾಲಿ, ಬಾರಿಕಂಟಿ, ಒಣಗಿದ ಹುಲ್ಲು, ಅಷ್ಟೇ. ಆದರೆ ಬೀಳಗಿ, ಮುಧೋಳ ತಾಲ್ಲೂಕುಗಳ ಈ 96.36 ಚದರ ಕಿ.ಮೀ. ನೆಲ 2016ರಿಂದ ಚಿಂಕಾರ ಎಂಬ ಸಣ್ಣ ಹುಲ್ಲೆಯ ವನ್ಯಜೀವಿಧಾಮ. ಹುಲಿಗೆ ಇರುವಂತೆಯೇ ಚಿಂಕಾರಕ್ಕೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಜಾಗವಿದೆ. ಕಾಯ್ದೆ ಬಂದದ್ದು 1972ರಲ್ಲಿ. ಈ ಗುಡ್ಡಕ್ಕೆ ವನ್ಯಜೀವಿಧಾಮದ ಪಟ್ಟ ಸಿಕ್ಕಿದ್ದು ಅದಾಗಿ 44 ವರ್ಷಕ್ಕೆ.

ಇಷ್ಟು ತಡವಾದದ್ದು ಏಕೆಂದು ತಿಳಿಯಲು ಹಳೆಯ ದಫ್ತರಿಗೇ ಹೋಗಬೇಕು. ಮುಂಬೈ ಪ್ರಾಂತ್ಯದ ಕಾಲದಿಂದಲೂ ಕಂದಾಯ ತಾರದ ನೆಲಕ್ಕೆ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಇದ್ದ ಹೆಸರು ಖರಾಬು. ಕುರಿ ಮೇಯಿಸುವವರಿಗೆ ಅದೇ ನೆಲ ಬದುಕು. ತೋಳಕ್ಕೆ, ಚಿಂಕಾರಕ್ಕೆ ಮನೆ. ಲೆಕ್ಕಪತ್ರಕ್ಕೆ ಮಾತ್ರ ಅದು ಕೆಟ್ಟ ನೆಲ. ಕಂದಾಯದ ಕಣ್ಣು ಹೋಗಿ ಅರಣ್ಯದ ಕಣ್ಣು ಬಂದಾಗಲೂ ಮಡ್ಡಿಯ ದೆಸೆ ಬದಲಾಗಲಿಲ್ಲ. ಮೊದಲು ಬೆಳೆ ಎಣಿಸುತ್ತಿದ್ದರು, ಆಮೇಲೆ ಗಿಡ ಎಣಿಸತೊಡಗಿದರು.

1980ರ ಅರಣ್ಯ ಸಂರಕ್ಷಣಾ ಕಾಯ್ದೆ ಕಾಡಿನ ಜಾಗವನ್ನು ಬೇರೆ ಕೆಲಸಕ್ಕೆ ಕೊಡಲು ಕೇಂದ್ರದ ಒಪ್ಪಿಗೆ ಕಡ್ಡಾಯ ಮಾಡಿತು. ಕಡಿದಷ್ಟಕ್ಕೆ ಬದಲು ಕಾಡು ಬೆಳೆಸಲು ಕಟ್ಟಿಸಿಕೊಂಡ ಹಣ ಖರ್ಚಾಗದೆ ಉಳಿಯುತ್ತಿದ್ದುದನ್ನು ಕಾಡು ಉಳಿಸುವ ಕುರಿತ ಗೋದಾವರ್ಮನ್ ಪ್ರಕರಣದಲ್ಲಿ ಗಮನಿಸಿದ ಸುಪ್ರೀಂ ಕೋರ್ಟ್, ಪ್ರತ್ಯೇಕ ನಿಧಿ ಮಾಡಲು 2002ರಲ್ಲಿ ಹೇಳಿತು. ಅದಕ್ಕೊಂದು ಕಾಯ್ದೆ ಬಂದದ್ದು 2016ರಲ್ಲಿ, ಯಡಹಳ್ಳಿಗೆ ಪಟ್ಟ ಸಿಕ್ಕ ವರ್ಷವೇ. ಜಾರಿಯಾದದ್ದು 2018ರ ಸೆಪ್ಟೆಂಬರ್ 30ಕ್ಕೆ. ಮರುವರ್ಷ ಕೇಂದ್ರವು ರಾಜ್ಯಗಳಿಗೆ 47 ಸಾವಿರ ಕೋಟಿ ರೂಪಾಯಿಗೂ ಮಿಕ್ಕಿ ಹಂಚಿತು. ಕರ್ನಾಟಕದ ಪಾಲು ಸುಮಾರು 1,350 ಕೋಟಿ.

ಈ ಹಣಕ್ಕೆ ಮೂಲವಾದ ಬೆಲೆಪಟ್ಟಿಯನ್ನೇ ನೋಡಿ. ಕಾಡು ಕಳೆದುಕೊಂಡಿದ್ದಕ್ಕೆ ಕಟ್ಟಬೇಕಾದ ನಿವ್ವಳ ಪ್ರಸ್ತುತ ಮೌಲ್ಯವನ್ನು, ಅಂದರೆ ಆ ಕಾಡು ಮುಂದೆ ಕೊಡಬಹುದಾಗಿದ್ದ ಪ್ರಯೋಜನಗಳ ಇಂದಿನ ಬೆಲೆಯನ್ನು, 2008ರಲ್ಲಿ ಹೆಕ್ಟೇರಿಗೆ 4.38 ಲಕ್ಷದಿಂದ 10.43 ಲಕ್ಷ ರೂಪಾಯಿವರೆಗೆ ಗೊತ್ತುಮಾಡಲಾಯಿತು. ದಟ್ಟ ಕಾಡಿಗೆ ಹೆಚ್ಚು, ತೆರೆದ ಕಾಡಿಗೆ ಕಡಿಮೆ. 2022ರಲ್ಲಿ ದರ ಏರಿತು, ಅಳತೆಗೋಲು ಅದೇ ಉಳಿಯಿತು. ಭಾರತೀಯ ಅರಣ್ಯ ಸಮೀಕ್ಷೆಯಂತೂ ಶೇ 10ಕ್ಕಿಂತ ಕಡಿಮೆ ಭಾಗಕ್ಕೆ ಮಾತ್ರ ಮರದ ನೆರಳಿರುವ ಕುರುಚಲು ನೆಲವನ್ನು ಅರಣ್ಯ ಹೊದಿಕೆಯಲ್ಲಿ ಸೇರಿಸುವುದೇ ಇಲ್ಲ. ದುಡ್ಡಿನ ಬೆಲೆ ಕಡಿಮೆಯಾದ ನೆಲವನ್ನು ಕಳೆದುಕೊಳ್ಳುವುದೂ ಅಗ್ಗ. ಮಡ್ಡಿ ಇರುವ ಜಿಲ್ಲೆಯವರಿಗೆ ಇದು ಸಣ್ಣ ಮಾತಲ್ಲ.

ಹವಾಮಾನದ ಹೆಸರಿನಲ್ಲಿ ಬಂದ, ಹಾಳಾದ ನೆಲದಲ್ಲಿ ಗಿಡ ಬೆಳೆಸಿದವರಿಗೆ ಅಂಕ ಕೊಡುವ ಹಸಿರು ಕ್ರೆಡಿಟ್ ಯೋಜನೆಯೂ ಇದೇ ಹಾದಿ ಹಿಡಿಯಿತು. 2023ರಲ್ಲಿ ನಿಯಮ ಬಂತು. 2024ರ ಫೆಬ್ರುವರಿಯ ಮಾರ್ಗಸೂಚಿ ಕುರುಚಲು ನೆಲವನ್ನೂ ಹಾಳಾದ ಭೂಮಿಯ ಸಾಲಿಗೆ ಸೇರಿಸಿ, ಹೆಕ್ಟೇರಿಗೆ ಕನಿಷ್ಠ 1,100 ಗಿಡ ಕೇಳಿತು. ಮುಂದಿನ ವರ್ಷದ ತಿದ್ದುಪಡಿ ಶೇ 40ರಷ್ಟು ನೆರಳು ಬರಲೇಬೇಕೆಂದಿತು.

ಚಿಂಕಾರ ಬದುಕುವುದು ಬಯಲಿನ ನೋಟದ ಮೇಲೆ. ಶತ್ರುವನ್ನು ದೂರದಿಂದಲೇ ಕಂಡು ಓಟ ಕೀಳುತ್ತದೆ. ಮೇವಿನಲ್ಲಿರುವ ತೇವ, ಇಬ್ಬನಿಗಳಲ್ಲೇ ಬಹುಮಟ್ಟಿಗೆ ದಾಹ ತೀರಿಸಿಕೊಳ್ಳುತ್ತದೆ. ಅಂಥ ಕಡೆ ಗುಂಡಿ ತೋಡಿ ಸಾಲಾಗಿ ಗಿಡ ನೆಟ್ಟರೆ ಹುಲ್ಲು ಸಾಯುತ್ತದೆ, ನೋಟವೂ ಮುಚ್ಚುತ್ತದೆ. ಬದಲು ಕಾಡಿಗೆಂದು ಮಾಡಿದ ಆ ನಿಧಿಯ 2018ರ ನಿಯಮಗಳಲ್ಲಿ ವನ್ಯಜೀವಿಗಳ ನೆಲೆ ಸುಧಾರಣೆಗೂ ಹಣ ಬಳಸಲು ದಾರಿಯಿದೆ. ಯಡಹಳ್ಳಿಯಂಥ ಕಡೆ ಆ ಹಣ ಹುಲ್ಲಿಗೆ, ಬೆಂಕಿ ತಡೆಗೆ, ಹೊರಗಿನಿಂದ ಬಂದು ಹಬ್ಬಿದ ಬಳ್ಳಾರಿ ಜಾಲಿ ಕೀಳುವುದಕ್ಕೆ ಹೋಗಬೇಕು, ಗುಂಡಿ ತೋಡುವುದಕ್ಕಲ್ಲ.