ಎಆರ್ ಮಾಡೆಲ್ ಕೂರಿಸುವ ಮುನ್ನ ಸೈಟ್ ಸಿದ್ಧವಾಗಿದೆಯೇ?

ಟ್ಯಾಬ್ಲೆಟ್‌ನಲ್ಲಿ ಎಆರ್ (ಆಗ್ಮೆಂಟೆಡ್ ರಿಯಾಲಿಟಿ, ಅಂದರೆ ಕ್ಯಾಮೆರಾದಲ್ಲಿ ಕಾಣುವ ದೃಶ್ಯದ ಮೇಲೆಯೇ ಮಾಡೆಲ್ ತೋರಿಸುವ ತಂತ್ರ) ಆ್ಯಪ್ ಬಳಸಿ ಕಟ್ಟಡದ ತ್ರೀಡಿ ಮಾಡೆಲ್ ತೆರೆದು ಸೈಟ್ ಮೇಲೆ ಕೂರಿಸಿದಾಗ ಪಕ್ಕದ ಕಾಲಂ ಸರಿಯಾಗೇ ಹೊಂದುತ್ತದೆ, 20 ಮೀಟರ್ ಆಚೆಯ ಡಕ್ಟ್ ಮಾತ್ರ ಗೋಡೆಯೊಳಗೆ ನುಗ್ಗಿರುತ್ತದೆ. ಬೈಸಿಕೊಳ್ಳುವುದು ಆ್ಯಪ್. ನಿಜಕ್ಕೂ ಎಡವಟ್ಟಾಗಿರುವುದು ಬಹುತೇಕ ಕೋನದಲ್ಲಿ. ಮಾಡೆಲ್ ಎಲ್ಲಿ ಕೂರಬೇಕೆಂದು ಆ್ಯಪ್ ತಿಳಿಯುವುದು ಗೋಡೆಗೆ ಅಂಟಿಸಿದ ಕ್ಯೂಆರ್ ಮಾರ್ಕರ್ ಓದಿ. 20 ಸೆಂ.ಮೀ. ಅಗಲದ ಕ್ಯೂಆರ್ ಮಾರ್ಕರ್‌ನ ಒಂದು ಅಂಚು ಗೋಡೆಯಿಂದ 2 ಮಿ.ಮೀ. ಎದ್ದಿದ್ದರೂ ಮಾಡೆಲ್ ಅರ್ಧ ಡಿಗ್ರಿಗಿಂತ ಹೆಚ್ಚು ತಿರುಗುತ್ತದೆ. 20 ಮೀಟರ್‌ಗೆ ಅದು ಸುಮಾರು 20 ಸೆಂ.ಮೀ.

ಹಾಗಾಗಿ ಒಂದೇ ಮಾರ್ಕರ್ ನಂಬಿ ಇಡೀ ಫ್ಲೋರ್ ನೋಡಬೇಡಿ. ಆ್ಯಪ್‌ನಲ್ಲಿ ಎರಡು ಬಿಂದುಗಳ ಜೋಡಣೆ ಇದ್ದರೆ ಅದನ್ನೇ ಬಳಸಿ, ಬಿಂದುಗಳ ನಡುವೆ 15 ಮೀಟರ್ ಇರಲಿ. ಒಂದು ತುದಿಯಲ್ಲಿ 5 ಮಿ.ಮೀ. ತಪ್ಪಿದರೂ 20 ಮೀಟರ್‌ನಲ್ಲಿ 7 ಮಿ.ಮೀ. ದಾಟದು.

ಬಿಂದುವನ್ನು ಕಾಲಂನ ಮುಖದಿಂದ ಅಳೆಯುವುದು ಸೈಟ್‌ಗಳಲ್ಲಿ ಮಾಮೂಲಿ. ಆದರೆ ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456 ಪ್ರಕಾರವೇ ಕಾಲಂನ ಅಡ್ಡಳತೆ 12 ಮಿ.ಮೀ. ಹೆಚ್ಚು ಅಥವಾ 6 ಮಿ.ಮೀ. ಕಡಿಮೆ ಬರಬಹುದು. ಟೋಟಲ್ ಸ್ಟೇಷನ್‌ನಿಂದ (ಕೋನ, ದೂರ ಅಳೆಯುವ ಸರ್ವೇ ಉಪಕರಣ) ಗ್ರಿಡ್ ಲೈನ್ (ನಕ್ಷೆಯ ಆಧಾರ ಗೆರೆ) ಇಳಿಸಿ, ಅದರಿಂದಲೇ ಅಳತೆ ಹಿಡಿಯಿರಿ. ಇಟ್ಟಿಗೆ ಗೋಡೆಗೆ ಮಾರ್ಕರ್ ಬೇಡ, ಪ್ಲಾಸ್ಟರ್ ಬಂದರೆ ಮುಚ್ಚಿಹೋಗುತ್ತದೆ. ಸೆಂಟ್ರಿಂಗ್ ಹಲಗೆ, ಗಾಜು ಕೂಡ ಬೇಡ.

ಎತ್ತರದಲ್ಲಿ ಇನ್ನೊಂದು ಎಡವಟ್ಟು. ಮಾಡೆಲ್‌ನ ಸೊನ್ನೆ ಟೈಲ್ಸ್ ಹಾಕಿ ಮುಗಿದ ನೆಲದ ಮಟ್ಟವಾದ ಫಿನಿಶ್ಡ್ ಫ್ಲೋರ್ ಲೆವೆಲ್‌ನಲ್ಲಿದ್ದು, ನೀವು ಬರಿ ಸ್ಲ್ಯಾಬ್‌ನಿಂದ ಅಳೆದರೆ ಸ್ಕ್ರೀಡ್ (ಟೈಲ್ಸ್ ಕೆಳಗಿನ ಗಾರೆ ಪದರ) ಮತ್ತು ಟೈಲ್ಸ್‌ನ ದಪ್ಪದಷ್ಟು ಎಲ್ಲ ಪೈಪುಗಳೂ ತಗ್ಗುತ್ತವೆ. ಮೇಸ್ತ್ರಿ ಹೊಡೆದ ಒಂದು ಮೀಟರ್ ಲೆವೆಲ್ ಗೆರೆಯನ್ನು ಹಿಡಿಯಿರಿ, ಅದು ಯಾವ ಲೆವೆಲ್‌ನಿಂದ ಒಂದು ಮೀಟರ್ ಎಂದು ಕೇಳಿಕೊಂಡು.

ಪ್ರಿಂಟ್ ಹೊಡೆಯುವಾಗ 'ಫಿಟ್ ಟು ಪೇಜ್' ತೆಗೆದುಬಿಡಿ. 200 ಮಿ.ಮೀ. ಮಾರ್ಕರ್ 194ಕ್ಕೆ ಕುಗ್ಗಿದರೆ, 2 ಮೀಟರ್ ದೂರದಿಂದ ಸ್ಕ್ಯಾನ್ ಮಾಡಿದಾಗ ಸುಮಾರು 6 ಸೆಂ.ಮೀ. ವ್ಯತ್ಯಾಸ. ಮ್ಯಾಟ್ ಕಾಗದವನ್ನು 3 ಮಿ.ಮೀ. ಎಸಿಪಿ (ಅಲ್ಯೂಮಿನಿಯಂ ಕಾಂಪೊಸಿಟ್ ಪ್ಯಾನೆಲ್) ಶೀಟ್‌ಗೆ ಅಂಟಿಸಿ. ಹೊಳಪಿನ ಲ್ಯಾಮಿನೇಶನ್ ಮೇಲೆ ಬೆಳಕು ಬಿದ್ದರೆ ಕ್ಯಾಮೆರಾ ಓದುವುದಿಲ್ಲ.

ಪುಟ್ಟಿ ಬಳಿದ ಬಿಳಿ ಗೋಡೆಗಳ ನಡುವೆ ಕ್ಯಾಮೆರಾಗೆ ಹಿಡಿದುಕೊಳ್ಳಲು ಗುರುತೇ ಸಿಗದೆ ಮಾಡೆಲ್ ತೇಲುತ್ತದೆ. ಬಣ್ಣದ ಟೇಪಿನ ತುಂಡುಗಳನ್ನು ಅಡ್ಡಾದಿಡ್ಡಿ ಅಂಟಿಸಿ.

ಆಫೀಸಿನಲ್ಲೇ ಆಗಬೇಕಾದ ಕೆಲಸವೊಂದಿದೆ. ಬೆಂಗಳೂರಿನ ಯುಟಿಎಂ ನಾರ್ದಿಂಗ್ (ಸರ್ವೇ ನಕ್ಷೆಯಲ್ಲಿ ಸಮಭಾಜಕದಿಂದ ಉತ್ತರಕ್ಕಿರುವ ದೂರ) 14 ಲಕ್ಷ ಮೀಟರ್ ದಾಟುತ್ತದೆ. ಅಷ್ಟು ದೊಡ್ಡ ಸಂಖ್ಯೆಯನ್ನು ಸೀಮಿತ ನಿಖರತೆಯ ಕಂಪ್ಯೂಟರ್ ಸಂಖ್ಯಾರೂಪವಾದ 32 ಬಿಟ್ ಫ್ಲೋಟ್‌ನಲ್ಲಿ ಇಟ್ಟರೆ ಎರಡು ಮೌಲ್ಯಗಳ ನಡುವಿನ ಅಂತರವೇ 12.5 ಸೆಂ.ಮೀ.; ಮಾಡೆಲ್ ಅಂಚುಗಳು ನಡುಗುತ್ತವೆ. ಎಕ್ಸ್‌ಪೋರ್ಟ್‌ಗೆ ಮುನ್ನ ಮಾಡೆಲ್‌ನ ಸೊನ್ನೆಯನ್ನು ಎ ಮತ್ತು 1 ಗ್ರಿಡ್ ಲೈನ್‌ಗಳು ಕೂಡುವ ಬಿಂದುವಿಗೆ ತನ್ನಿ.

ಕೊನೆಗೆ, ಜೋಡಣೆಗೆ ಬಳಸದ ಮೂರನೇ ಬಿಂದುವೊಂದನ್ನು ದೂರದ ತುದಿಯಲ್ಲಿ ಪರೀಕ್ಷಿಸಿ. 2 ಸೆಂ.ಮೀ. ಮೀರಿದರೆ ಮತ್ತೆ ಜೋಡಿಸಿ. ಸರಿಯಾಗಿ ಕೂತಿದ್ದರೂ, ಒಳಗೆ ಬಿಗಿದ ಉಕ್ಕಿನ ಕೇಬಲ್ (ಟೆಂಡನ್) ಇರುವ ಪೋಸ್ಟ್ ಟೆನ್ಶನ್ ಸ್ಲ್ಯಾಬ್‌ನಲ್ಲಿ ಕೋರ್ ಕಟಿಂಗ್ (ಪೈಪಿಗಾಗಿ ರಂಧ್ರ ಕೊರೆಯುವ) ಗುರುತನ್ನು ಟ್ಯಾಬ್ಲೆಟ್ ನೋಡಿ ಹಾಕಬೇಡಿ. ಗುರುತಿಗೆ ಟೋಟಲ್ ಸ್ಟೇಷನ್ ಬೇಕು, ಕೊರೆಯುವ ಮುನ್ನ ಟೆಂಡನ್ ಸ್ಕ್ಯಾನ್ ಬೇಕು.