ಮಡ್ಡಿಯ ಮೇಲೆ ಹೂ ಹುಡುಕುವವರಿಗೆ

ಖಾನಾಪುರ ತಾಲೂಕಿನ ಕಣಕುಂಬಿ ದಾಟಿ ಚೋರ್ಲಾ ಘಾಟಿನ ಕಡೆ ಹೊರಟರೆ ಕಾಡಿನ ನಡುವೆ ಅಲ್ಲಲ್ಲಿ ಬೋಳು ಮಡ್ಡಿಗಳು, ಅಂದರೆ ಮರವಿಲ್ಲದ ಕಲ್ಲುಹಾಸಿನ ಬಯಲುಗಳು, ಸಿಗುತ್ತವೆ. ಅಪರೂಪದ ಹೂ ನೋಡಬೇಕೆಂದವರು ಇವನ್ನು ಬಿಟ್ಟು ನೇರ ಕಾಡಿಗೆ ನುಗ್ಗುತ್ತಾರೆ. ನನ್ನ ಕೇಳಿದರೆ ಮೊದಲು ಮಡ್ಡಿ, ಆಮೇಲೆ ಅದರಂಚಿನ ಕಡಿದಾದ ಬಂಡೆ, ಕಾಡು ಕೊನೆಗೆ. ಜಂಬಿಟ್ಟಿಗೆ ಕಲ್ಲಿನ ಮೇಲೆ ಮಣ್ಣು ತೀರಾ ತೆಳು; ಇದ್ದಬದ್ದ ಸಾರಜನಕವನ್ನೂ ಮಳೆ ತೊಳೆದೊಯ್ಯುತ್ತದೆ. ಮರಗಳು ಬೇರೂರಲಾಗದ ಇಂಥ ಕಡೆ ಸಣ್ಣ ಗಿಡಗಳಿಗೆ ಬಿಸಿಲಿಗಾಗಿ ಪೈಪೋಟಿ ಇಲ್ಲ.

ಮಳೆಗಾಲ ಮುಗಿಯುತ್ತ ಬಂದಾಗ ನೀರು ಜಿನುಗುವ ಕಲ್ಲಿನ ಮೇಲೆ ನೀಲಿ-ನೇರಳೆ ಹೂಗಳು ಹಾಸಿದಂತೆ ಕಂಡರೆ ಅದು ಹೆಚ್ಚಾಗಿ ಯುಟ್ರಿಕ್ಯುಲೇರಿಯ. ಮಣ್ಣಿನಲ್ಲಿ ಸಿಗದ ಸಾರಜನಕವನ್ನು ಇದು ಬೇಟೆಯಾಡಿ ಪಡೆಯುತ್ತದೆ. ಒದ್ದೆ ಮಣ್ಣಿನೊಳಗೆ ಅದರ ಪುಟ್ಟ ಚೀಲಗಳಿರುತ್ತವೆ. ಜೀವಿಯೊಂದು ಬಾಯಿಗೆ ಸುಳಿದರೆ ಸಾಕು, ನೀರಿನ ಸಮೇತ ಒಳಗೆ! ಇದರ ಜಲವಾಸಿ ಬಂಧುಗಳಲ್ಲಿ ಅಳೆದಾಗ ಈ ಹೀರುವಿಕೆಗೆ 1 ಮಿಲಿಸೆಕೆಂಡೂ ಹಿಡಿದಿರಲಿಲ್ಲ.

ನಿಜವಾಗಿ ಸತಾಯಿಸುವುದು ಸೆರೊಪೀಜಿಯ ಎಂಬ ಗಡ್ಡೆಗಿಡ. ಬೇಸಿಗೆಯಲ್ಲಿ ನೆಲದಡಿ ಗಡ್ಡೆಯಷ್ಟೇ ಉಳಿದಿರುತ್ತದೆ. ಮಳೆಗೆ ಚಿಗುರಿದರೂ ಹೂ ಬಿಡುವತನಕ ಹುಲ್ಲಿನ ನಡುವೆ ಗುರುತು ಹತ್ತುವುದಿಲ್ಲ. ಹೂ ಮಾತ್ರ ಕಂದೀಲಿನಂತಿದೆ: ಕೆಳಗೆ ಉಬ್ಬು, ನಡುವೆ ಕೊಳವೆ, ತಲೆಯಲ್ಲಿ ತುದಿಗೂಡಿದ ಐದು ದಳಗಳು. ವಾಸನೆಗೆ ಬಂದ ಸಣ್ಣ ನೊಣ ಕೊಳವೆಯೊಳಗೆ ಜಾರುತ್ತದೆ. ಒಳಗಿನ ಕೂದಲುಗಳೆಲ್ಲ ಕೆಳಮುಖ, ಹಾಗಾಗಿ ಹತ್ತಿ ಬರಲಾಗದು. ತಡಕಾಡುವಾಗ ಪರಾಗದ ಗಂಟು ಅದರ ಬಾಯಿಗೆ ಸಿಕ್ಕಿಕೊಳ್ಳುತ್ತದೆ. ಕೂದಲು ಬಾಡಿದ ಮೇಲೆ ಬಿಡುಗಡೆ; ನೊಣ ಹೋಗಿ ಇನ್ನೊಂದು ಹೂವಿನಲ್ಲಿ ಮತ್ತೆ ಬೀಳುತ್ತದೆ. ದಕ್ಷಿಣ ಆಫ್ರಿಕಾದ ಒಂದು ಸೆರೊಪೀಜಿಯ ಗಾಯಗೊಂಡ ಜೇನುನೊಣದ ವಾಸನೆಯನ್ನೇ ನಕಲು ಮಾಡಿ ನೊಣಗಳನ್ನು ಕರೆಯುತ್ತದೆ ಎಂಬುದು 2016ರಲ್ಲಿ ಗೊತ್ತಾಯಿತು. ಇಷ್ಟು ಕಿಲಾಡಿ ಗಿಡಕ್ಕೂ ಗಡ್ಡೆಯೇ ಮುಳುವು. ಕೆಲವು ಪ್ರಭೇದಗಳ ಗಡ್ಡೆ ತಿನ್ನಲು ಬರುತ್ತದೆ, ಜನ ಅಗೆಯುತ್ತಾರೆ.

ಬಂಡೆಯ ಸೀಳನ್ನು ನೋಡಿ ಎನ್ನುವುದು ಇದಕ್ಕೇ. ಕೈಗೆಟುಕದ, ಆಡು ಮೇಯಲಾಗದ ಕಡೆ ಗಿಡ ಉಳಿದಿರುತ್ತದೆ. ಹವಾಯಿಯ ಕವಾಯಿ ದ್ವೀಪದಲ್ಲಿ ಅಳಿದೇ ಹೋಯಿತೆಂದು ಕೈಬಿಟ್ಟಿದ್ದ ಹಿಬಿಸ್ಕಡೆಲ್ಫಸ್ ವುಡೈ ಎಂಬ ದಾಸವಾಳದ ಬಳಗದ ಗಿಡ 2019ರಲ್ಲಿ ಸಿಕ್ಕಿದ್ದು ಕಡಲ ಕಡೆಯ ಕಣಿವೆಯ ಕಡಿದಾದ ಗೋಡೆಯಲ್ಲಿ. ಅದನ್ನು ಕಂಡದ್ದು ಡ್ರೋನ್ ಕ್ಯಾಮೆರಾ. ನಮ್ಮ ಘಟ್ಟದಂಚಿಗೆ ಅಷ್ಟೆಲ್ಲ ಬೇಡ. ಸೆಪ್ಟೆಂಬರಿನಲ್ಲಿ ಮಂಜು ಸರಿದ ಹೊತ್ತಿಗೆ ಒಂದು ದುರ್ಬೀನು ಹಿಡಿದು, ಬಂಡೆಯನ್ನು ಕೆಳಗಿನಿಂದ ಸೀಳುಸೀಳಾಗಿ ನೋಡುತ್ತ ಹೋದರಾಯಿತು.